ಲಾಂಚು ಕೆಸರಿಗೆ ಕೂತ ದಿನ

ವಿಜ್ಞಾನಕ್ಕೂ ನಾನೇ, ಸಮಾಜಕ್ಕೂ ನಾನೇ.
ಹಿನ್ನೀರಿನಾಚೆಯ ಶಾಲೆಗೆ ಇನ್ನೊಬ್ಬರನ್ನು ಕಳಿಸುತ್ತೇವೆಂದು
ಸಾಗರದ ಕಚೇರಿ ಹೇಳುತ್ತಲೇ ಮೂರು ವರ್ಷ.
ಹಾಗಾಗಿ ಜೂನ್ ಹತ್ತರ ಬೆಳಿಗ್ಗೆ ನನ್ನ ಚೀಲದೊಳಗೆ
ಬುತ್ತಿಯ ಪಕ್ಕ ಮೈಗೆ ಮೈ ಒತ್ತಿಕೊಂಡು ಎರಡು ಪಾಠ:
ಸೀಲ್ ಎಂಬ ಪ್ರಾಣಿ ಕಡಲಿಗೆ ಒಗ್ಗಿದ್ದು,
ಸಂಸತ್ತು ಎಂಬುದು ಮೊದಲಾದದ್ದು.

ಮಳೆ ಇನ್ನೂ ಹಿಡಿದಿರಲಿಲ್ಲ. ನೀರು ತಳ ಕಂಡಿತ್ತು.
ಹೊಳೆಬಾಗಿಲು ಬಿಟ್ಟ ಲಾಂಚು ಅರ್ಧ ದಾರಿಗೆ
ಗರಕ್ಕಂತ ನಿಂತಿತು.
ಹಯಾತ್ ಸಾಬರು ಗಳ ಇಳಿಬಿಟ್ಟು ನೋಡಿ,
"ಸೊಂಟದುದ್ದ ನೀರು, ಆಳುದ್ದ ಕೆಸರು.
ಅಡಿಗೆ ಬೊಡ್ಡೆ ಸಿಕ್ಕಿದೆ. ಯಾರ ಮನೆ ಹಲಸೋ."
ಯಾರ ಮನೆ ಅಂದದ್ದೇ ದ್ಯಾವಕ್ಕ ಎದ್ದು ನಿಂತಳು:
"ನಮ್ಮದು. ಬಚ್ಚಲ ಹಿಂದಿನದು."

ಮಕ್ಕಳು ಒಂಬತ್ತು ಜನ. ಸುಮ್ಮನೆ ಕೂರುವ ಜಾತಿಯಲ್ಲ.
ಬಸ್ಸಿನ ನೆರಳಲ್ಲಿ ಕೂರಿಸಿ ಮೊದಲನೆಯದು ತೆಗೆದೆ.
"ಒಂದು ಕಾಲಕ್ಕೆ ಅದಕ್ಕೂ ಕಾಲಿತ್ತು.
ನಮ್ಮ ನೀರುನಾಯಿ ಇಲ್ಲವಾ, ಸುಮಾರು ಹಾಗೇ,
ಬಾಲ ಎಳೆದುಕೊಂಡು ದಡದಲ್ಲಿ ಓಡುವ ಬೇಟೆಗಾರ.
ಹಸಿದು ನೀರಿಗೆ ಮೂಗು ತೂರಿತು. ಇಷ್ಟು ದೂರ.
ಅದರ ಮರಿಯ ಮರಿಯ ಮರಿ ಇನ್ನಿಷ್ಟು.
ಮೂಗಿನ ಹೊಳ್ಳೆ ತಾನಾಗಿ ಮುಚ್ಚುವುದನ್ನು ಕಲಿಯಿತು,
ಮುಳುಗಿದಾಗ ಎದೆ ನಿಧಾನಕ್ಕೆ ಬಡಿಯುವುದನ್ನು ಕಲಿಯಿತು,
ಕಾಲು ಹುಟ್ಟಾಯಿತು. ಆದರೂ ಆ ಹುಟ್ಟಿನ ಚರ್ಮದೊಳಗೆ
ಎಣಿಸಿ ನೋಡಿದರೆ ಐದು ಬೆರಳು, ಇವತ್ತಿಗೂ.
ಹೆರಿಗೆಗೆ ದಡಕ್ಕೇ ಬರಬೇಕು, ಇಲ್ಲವೇ ಮಂಜುಗಡ್ಡೆಗೆ.
ಎರಡೂವರೆ ಕೋಟಿ ವರ್ಷ ಹಿಡಿಯಿತು ಮಕ್ಕಳೇ."

ಹಿಂದಿನಿಂದ ದ್ಯಾವಕ್ಕ:
"ಪುಣ್ಯ ಮಾಡಿತ್ತು ಬಿಡಿ ಟೀಚರೇ.
ನಮಗೆ ಕೊಟ್ಟಿದ್ದು ಹದಿನೈದು ದಿನ.
ಒಂಬತ್ತಕ್ಕೇ ಅಂಗಳಕ್ಕೆ ಬಂತು."

ಅಷ್ಟರಲ್ಲಿ ಗುತ್ಯಪ್ಪನ ದೋಣಿ ಕಾಣಿಸಿತು.
ಒಂದು ಸಲಕ್ಕೆ ಐದೇ ಜನ.
ಇಪ್ಪತ್ತೇಳು ದೊಡ್ಡವರು ಒಟ್ಟಿಗೆ ಎದ್ದರು.
ಪಂಚಾಯ್ತಿ ಮೆಂಬರು ಶೇಷಗಿರಿ ಕರವಸ್ತ್ರ ಬೀಸಿ,
"ಮೊದಲ ದೋಣಿ ನನಗೆ, ಮೀಟಿಂಗಿದೆ.
ಬಾಡಿಗೆಗೆ ತಲೆಗೆ ಇಪ್ಪತ್ತು ಎತ್ತಿ."
ಎಲ್ಲರ ಕೈ ಜೇಬಿಗೆ ಹೋಗಿತ್ತು, ನಿಜ ಹೇಳಬೇಕು, ನನ್ನದೂ.
ಐಸು ಕರಗಿ ಸೋರುತ್ತಿದ್ದ ಮೀನು ಬುಟ್ಟಿಯ ಮೇಲೆ ಕೂತೇ
ಇನಾಸ ಕೇಳಿದ:
"ದುಡ್ಡು ನಮ್ಮದು ಅಂದ್ಮೇಲೆ
ಯಾರು ಮೊದಲು ಅನ್ನೋದೂ ನಮ್ಮದೇ ಅಲ್ವಾ?"

ನಾನು ಎರಡನೆಯ ಪುಸ್ತಕ ತೆರೆಯಲಿಲ್ಲ.
ಅದರಲ್ಲಿದ್ದದ್ದೂ ಇಷ್ಟೇ: ದೊರೆಗೆ ಯುದ್ಧಕ್ಕೆ ಹಣ ಸಾಲಲಿಲ್ಲ,
ಕೊಡುವವರನ್ನು ಕರೆದ;
ಬಂದವರು ಗಂಟು ಬಿಚ್ಚುವ ಮುಂಚೆ ಬಾಯಿ ಬಿಚ್ಚಿದರು.

ಮಾತು ಬಿಸಿಲೇರುವ ತನಕ ನಡೆಯಿತು.
ನರ್ಸಮ್ಮನ ಲಸಿಕೆ ಡಬ್ಬಿ ಮೊದಲು ಅಂತ ಒಂದು ಗುಂಪು,
ಮೆಂಬರೇ ಮೊದಲು ಅಂತ ಇನ್ನೊಂದು, ಅದರಲ್ಲಿ ಮೂವರು ಅವರ ನೆಂಟರು.
ಮೀನೂ ಲಸಿಕೆಯ ಹಾಗೇ ಕೆಡುತ್ತದೆಂದು ಇನಾಸನ ತಿದ್ದುಪಡಿ,
ನಕ್ಕು ತಳ್ಳಿಹಾಕಿದರು.
ಕಡೆಗೆ ಹಯಾತ್ ಸಾಬರು ಗಂಟೆ ಹೊಡೆದು,
"ಡಬ್ಬಿಗೆ ಹಾಕೋರು ಕೈ ಎತ್ತಿ. ಟೀಚರ್ ಎಣಿಸ್ತಾರೆ."

ಎಣಿಸಿದೆ. ಗಳ ಹಿಡಿದ ಕೈ, ಬಳೆಯ ಕೈ,
ಪೊರೆ ಮೆತ್ತಿದ ಇನಾಸನ ಕೈ, ಸೋತರೂ ನೆಟ್ಟಗೆ;
ಬಿಸಿಲಿಗೆ ಅಡ್ಡವಾಗಿ ಪ್ರತಿಯೊಂದರಲ್ಲೂ ಐದು ಮೂಳೆ.
ಹದಿನಾಲ್ಕು. ಉಳಿದವರು ಹದಿಮೂರು.
ಮೆಂಬರು ಒಂದು ಕೈಯಲ್ಲಿ ಸೋತು
ಕರವಸ್ತ್ರ ಹಾಸಿಕೊಂಡು ಕೂತರು.

ಆ ಒಂದು ಕೈ ದ್ಯಾವಕ್ಕನದು.
ಅವಳು ಯಾರ ಪರವಾಗಿಯೂ ಎತ್ತಿರಲಿಲ್ಲ.
ಬೊಡ್ಡೆಯಿಂದ ತೆಂಕಕ್ಕೆ ಇಪ್ಪತ್ತು ಹೆಜ್ಜೆ,
ಬಾವಿಕಟ್ಟೆ ಎದ್ದಿದೆಯೋ ಎಂದು
ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದಳು.
ನನಗೆ ಗೊತ್ತಿತ್ತು.
ಎಣಿಸಿದೆ.